ಖಾಲಿ ಕುಳಿತವಳ ವಕೀಲಿ ಓದು

ಬೇರೆಯವರ ಕಾಗದ ಬರೆದುಕೊಟ್ಟು ಹೊಟ್ಟೆ ಹೊರೆಯುವವರಿಗೆ ತಮ್ಮದೇ ಕಾಗದದ ಸರದಿ ಬಂದಾಗ ಏನಾದರೊಂದು ಎಡವಟ್ಟು ಆಗದೇ ಇರುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಆ ಕತ್ತಲೆಯಲ್ಲಿ ನಾನು ಆರು ವರ್ಷ ತಡಕಾಡಿದ್ದೇನೆ.

ಶಹಾಪುರದ ಕೋರ್ಟಿನ ಗೇಟಿನ ಎದುರು, ಬೇವಿನ ಮರಕ್ಕೆ ಆತುಕೊಂಡ ತಗಡಿನ ಶೆಡ್ಡಿನಲ್ಲಿ ನನ್ನ ಟೇಬಲ್ಲು. ಡಿಗ್ರಿ ಮುಗಿಸಿದ ಮೇಲೆ ಇಪ್ಪತ್ತೆರಡು ವರ್ಷ ಅಲ್ಲಿ ಕುಳಿತು ಅರ್ಜಿ, ಬಾಂಡು, ಅಫಿಡವಿಟ್ ಟೈಪ್ ಮಾಡಿದೆ. ಒಂದು ದಿನ ಹೊಸದಾಗಿ ಕರಿ ಕೋಟು ತೊಟ್ಟ ವಕೀಲನೊಬ್ಬ ಅರ್ಜಿ ಬರೆದು ತಂದ. ಅದರಲ್ಲಿ ಕಲಂ ತಪ್ಪಿತ್ತು. ನಾನು ಸುಮ್ಮನೆ ತಿದ್ದಿ ಟೈಪ್ ಮಾಡಿಕೊಟ್ಟೆ. ಅವನು ನಾಲ್ಕು ಮಂದಿಯ ಎದುರು ಕಾಗದವನ್ನು ಟೇಬಲ್ಲಿನ ಮೇಲೆ ಒಗೆದು, "ಟೈಪ್ ಮಾಡೋದು ನಿಮ್ಮ ಕೆಲಸರಿ, ತಿದ್ದೋದಲ್ಲ. ತಿದ್ದಬೇಕಂದ್ರ ಎಲ್‌ಎಲ್‌ಬಿ ಮಾಡ್ಕೊಂಡು ಬರ್ರಿ" ಅಂದ. ನನಗೆ ಕಣ್ಣಲ್ಲಿ ನೀರು ಬಂತು. "ಆತ್ರಿ, ಮಾಡ್ಕೊಂಡು ಬರ್ತೀನಿ" ಅಂದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರೆ. ಸಿಟ್ಟಿನಲ್ಲಿ ಸೇರಿದ ಕಾಲೇಜೂ ಹಾಗೆಯೇ, ಬಿಟ್ಟು ಬರಲು ಮುಖ ಇರುವುದಿಲ್ಲ.

ಓದು ಮೂರು ವರ್ಷದ್ದು. ಎಷ್ಟೇ ಎಳೆದರೂ ಆರು ವರ್ಷದೊಳಗೆ ಮುಗಿಸಬೇಕು, ಇಲ್ಲದಿದ್ದರೆ ಪಾಸಾದದ್ದೂ ನೀರು ಪಾಲು ಎಂದು ಸೇರಿದ ದಿನವೇ ಹೇಳಿದ್ದರು. ನಡುವೆ ಎರಡು ಪೇಪರು ಕೈಕೊಟ್ಟವು, ನಮ್ಮ ಯಜಮಾನರು ಬಿದ್ದು ಕಾಲು ಮುರಿದುಕೊಂಡರು. ನಾನು ಕೊನೆಯ ಸೆಮಿಸ್ಟರಿಗೆ ಬರುವ ಹೊತ್ತಿಗೆ ಆರನೆಯ ವರ್ಷ ನಡೆದಿತ್ತು. ಈಗ ನೀವು ನಗಬಹುದು, ನಾನೂ ನಗುತ್ತೇನೆ. ಆಗ ಮಾತ್ರ ಕಾಲೇಜಿಗೆ ಹೋಗುವ ಯಾದಗಿರಿ ಬಸ್ಸು ಕಂಡರೆ ಸಾಕು, ಬೇವಿನ ಮರದ ಹಿಂದೆ ಅಡಗಿಕೊಳ್ಳೋಣ ಅನ್ನಿಸುತ್ತಿತ್ತು.

೧. ನಡುವಿನ ಇಪ್ಪತ್ತೆರಡು ವರ್ಷ

ಮೊದಲ ಎಡವಟ್ಟು ಸೇರುವ ದಿನದ್ದೇ. ಅಂಕಪಟ್ಟಿ, ವರ್ಗಾವಣೆ ಪತ್ರ, ಫೋಟೋ ಎಲ್ಲ ಜೋಡಿಸಿಕೊಂಡು ಯಾದಗಿರಿಯ ಕಾಲೇಜಿಗೆ ಹೋದೆ. ಅರ್ಜಿಗೆ ಅದೇ ಕೊನೆಯ ದಿನ. ಗುಮಾಸ್ತರು ಎಲ್ಲ ತಿರುವಿ ಹಾಕಿ, "ಗ್ಯಾಪ್ ಅಫಿಡವಿಟ್ ಎಲ್ಲಿ ಅದರೀ?" ಅಂದರು.

ಓದು ಬಿಟ್ಟ ಮೇಲೆ ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಪ್ರಮಾಣ ಮಾಡಿ ಹೇಳುವ ಕಾಗದ ಅದು. ನಾನೇ ನೂರಾರು ಹುಡುಗರಿಗೆ ಟೈಪ್ ಮಾಡಿಕೊಟ್ಟಿದ್ದೇನೆ. ನನಗೂ ಬೇಕಾಗುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತು, ಇದ್ದದ್ದು ಇದ್ದ ಹಾಗೆ ಬರೆದೆ: ಕೋರ್ಟಿನ ಮುಂದೆ ಟೈಪಿಂಗ್, ಮದುವೆ, ಎರಡು ಬಾಣಂತನ, ಹಾಸಿಗೆ ಹಿಡಿದ ಮಾವನವರ ಆರೈಕೆ ನಾಲ್ಕು ವರ್ಷ, ಯಜಮಾನರ ಹಿಟ್ಟಿನ ಗಿರಣಿಯ ಲೆಕ್ಕ.

ಗುಮಾಸ್ತರು ಓದಿ ಕನ್ನಡಕ ತೆಗೆದರು. "ಇಷ್ಟೆಲ್ಲಾ ಮಾಡೀರಿ ಅಂದ ಮ್ಯಾಲೆ ಗ್ಯಾಪ್ ಎಲ್ಲಿ ಬಂತ್ರೀ? ನಮೂನೆದಾಗ ಒಂದ ಸಾಲು ಅದ, ಅಷ್ಟ ಬರೀರಿ. ಯಾವ ಕೋರ್ಸಿಗೂ ಸೇರಿಲ್ಲ, ಯಾವ ಕೆಲಸಾನೂ ಮಾಡಿಲ್ಲ, ಮನ್ಯಾಗ ಖಾಲಿ ಇದ್ದೆ."

"ಕೆಲಸ ಮಾಡೀನಲ್ರೀ?"

"ಮಾಡಿದ್ರ ಮಾಲಕರ ಕಡಿಂದ ಪತ್ರ ತರ್ರಿ."

"ನನಗ ನಾನಽ ಮಾಲಕಿರಿ."

"ಹಂಗಾದ್ರ ಖಾಲಿ ಅಂತನಽ ಬರೀರಿ. ಐದು ಗಂಟೆಕ್ಕ ಆಫೀಸ್ ಬಂದ್ ಆಗ್ತದ."

ಯಾದಗಿರಿ ಕೋರ್ಟಿನ ಹತ್ತಿರ ಓಡಿದೆ. ಅಲ್ಲಿನ ಟೈಪಿಸ್ಟ್ ಒಂದೇ ಪುಟದಲ್ಲಿ ಎರಡು ತಪ್ಪು ಮಾಡಿದ. ನಾಲಿಗೆ ತುದಿಗೆ ಬಂತು, ಕಚ್ಚಿಕೊಂಡು ಸುಮ್ಮನಾದೆ. ಇಪ್ಪತ್ತೆರಡು ವರ್ಷ ನಾನು ಮನೆಯಲ್ಲಿ ಖಾಲಿ ಕುಳಿತಿದ್ದೆ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದೆ. ಸುಳ್ಳು ಪ್ರಮಾಣ ಮಾಡಿ ಕಾನೂನು ಓದಲು ಹೊರಟವಳು ನಾನೊಬ್ಬಳೇ ಇರಬೇಕು ಅನ್ನಿಸಿತು.

ಸಂಜೆ ಮನೆಯಲ್ಲಿ ಮಗಳು ಅದರ ಝೆರಾಕ್ಸನ್ನು ಜೋರಾಗಿ ಓದಿದಳು. ನಮ್ಮ ಅತ್ತೆಗೆ ಓದು ಬರುವುದಿಲ್ಲ, ಕಿವಿ ಚೆನ್ನಾಗಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಅಂದರು: "ಇಷ್ಟು ವರ್ಷ ನಾ ಅದನ್ನಽ ಹೇಳಾಕತ್ತಿದ್ದೆ, ಯಾರೂ ಕಿವಿಮ್ಯಾಗ ಹಾಕ್ಕೊಳ್ಳಲಿಲ್ಲ. ಈಗ ನೋಡು, ಛಾಪಾ ಕಾಗದದ ಮ್ಯಾಲೆ ಬಂತು."

೨. ನಾನು ಬಂದದ್ದಕ್ಕೆ ಸಾಕ್ಷಿ

ಕೊನೆಯ ವರ್ಷ ಕಾಲೇಜಿನ ಗೋಡೆಗೆ ಹಾಜರಿ ಯಂತ್ರ ಬಂತು. ಹೆಬ್ಬೆರಳು ಇಟ್ಟರೆ ಹಸಿರು ದೀಪ, ಹಾಜರಿ ಬಿತ್ತು. ನೂರಕ್ಕೆ ಎಪ್ಪತ್ತು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನನಗೆ ಆರನೆಯ ವರ್ಷ, ಇನ್ನೊಂದು ಸಲ ಎನ್ನುವುದೇ ಇಲ್ಲ.

ಎಲ್ಲರಿಗೂ ಹಸಿರು, ನನಗೆ ಕೆಂಪು. ಸ್ಪೇಸ್ ಬಾರ್ ಹೊಡೆದೂ ಹೊಡೆದೂ ನನ್ನ ಬಲಗೈ ಹೆಬ್ಬೆರಳು ಗಾಜಿನ ಗೋಲಿಯಷ್ಟು ನುಣ್ಣಗಾಗಿದೆ. ಇಡೀ ಶಹಾಪುರ ತಾಲೂಕಿನ ಹೆಬ್ಬೆಟ್ಟು ಹಿಡಿದು ಇಂಕಿಗೆ ಅದ್ದಿ ಒತ್ತಿಸಿದವಳು ನಾನು. ಗೋಗಿ, ದೋರನಹಳ್ಳಿಯ ಮುದುಕರಿಗೆಲ್ಲ "ಸೊಲ್ಪ ಗಟ್ಟಿ ಒತ್ರಿ ಯಜ್ಜಾ" ಎಂದು ಗದರಿದವಳು. ಈಗ ನನ್ನ ಹೆಬ್ಬೆರಳನ್ನೇ ಯಂತ್ರ ಗುರುತು ಹಿಡಿಯಲೊಲ್ಲದು.

ಜವಾನ, "ಕೂದಲಕ್ಕ ತಿಕ್ಕಿ ಇಡ್ರಿ ಅಕ್ಕಾರ, ಎಣ್ಣಿ ಹತ್ತಿದ್ರ ಹಿಡಿತದ" ಅಂದ. ತಿಕ್ಕಿದೆ. ಹುಡುಗಿಯರು ಉಗುರುಬೆಚ್ಚಗಿನ ನೀರು ತಂದರು. ಒಬ್ಬಳು ಬಾಯಿಯಿಂದ ಊದಿದಳು. ನನ್ನ ಹಿಂದೆ ನಲವತ್ತು ಮಂದಿಯ ಸಾಲು, ಒಳಗೆ ಪಾಠ ಶುರು. ಮೂರು ವಾರ ಒಂದು ತರಗತಿಯನ್ನೂ ತಪ್ಪಿಸದೆ ಕುಳಿತೆ. ತಿಂಗಳ ಕೊನೆಗೆ ಪಟ್ಟಿ ಹಚ್ಚಿದರು, ನನ್ನ ಹೆಸರಿನ ಮುಂದೆ ಸೊನ್ನೆ.

ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಒಳ್ಳೆಯವರು, ಆದರೆ ಕಾನೂನಿನ ಮೇಷ್ಟ್ರು. "ಯಂತ್ರದ ಪ್ರಕಾರ ನೀವು ಕಾಲೇಜಿಗೆ ಬಂದೇ ಇಲ್ಲ" ಅಂದರು.

"ಸರ್, ದಿನಾ ಮೊದಲನೇ ಬೆಂಚಿನ್ಯಾಗ ಕೂಡ್ತೀನ್ರಿ. ಮೊನ್ನಿ ನೀವಽ ನನಗ ಪ್ರಶ್ನಿ ಕೇಳೀರಿ."

"ನನಗ ಗೊತ್ತದರಿ. ನನಗ ಗೊತ್ತಿದ್ರ ಏನಾತು? ದಾಖಲೆ ಬೇಕಲ್ಲ."

ದಾಖಲೆ ಎನ್ನುವುದು ನನ್ನ ಕಸುಬು. ಅಂದೇ ಊರಿಗೆ ಬಂದು ನನ್ನ ಟೇಬಲ್ಲಿನಲ್ಲಿ ಕುಳಿತು, ನನ್ನ ಜೀವಮಾನದಲ್ಲೇ ಅತ್ಯಂತ ಚೊಕ್ಕ ಅಫಿಡವಿಟ್ ಟೈಪ್ ಮಾಡಿದೆ. ಯಾವ ದಿನ ಯಾವ ಪಾಠ, ಯಾವ ಮೇಷ್ಟ್ರು, ಏನು ಹೇಳಿದರು, ಎಲ್ಲ ಹದಿಮೂರು ಪ್ಯಾರಾಗಳಲ್ಲಿ. ದಿನದಿನದ ಬಸ್ ಟಿಕೀಟು ಅಂಟಿಸಿದೆ. ಕಂಡಕ್ಟರ್ ಸಾಕ್ಷಿ ಸಹಿ ಹಾಕಿಕೊಟ್ಟ.

ಪ್ರಿನ್ಸಿಪಾಲರು ಮರುದಿನ ಅದನ್ನು ಎರಡು ಸಲ ಓದಿದರು. ಮುಖ ಅರಳಿತು. "ಭಾಳ ಚಲೋ ಬರದೀರಿ. ಇಂಥಾ ಅಫಿಡವಿಟ್ ನಮ್ಮ ಯಾವ ವಿದ್ಯಾರ್ಥಿನೂ ಬರದಿಲ್ಲ. ಇದನ್ನ ಒಪ್ಕೋತೀನಿ" ಎಂದು ಇಂಕ್ ಪ್ಯಾಡನ್ನು ನನ್ನ ಕಡೆ ಸರಿಸಿದರು. "ಸಹಿ ಬಾಜೂಕ ಒಂದು ಹೆಬ್ಬೆಟ್ಟು ಒತ್ತಿಬಿಡ್ರಿ."

೩. ಸುರಪುರದ ಕಿಟಕಿ

ಕೊನೆಗೆ ಯಂತ್ರದವನು ಕಲಬುರಗಿಯಿಂದ ಬಂದು ನನ್ನ ಎಡಗೈ ಕಿರುಬೆರಳನ್ನು ಸೇರಿಸಿಕೊಂಡ, ಹಾಜರಿ ಬಚಾವಾಯಿತು. ಅಷ್ಟರಲ್ಲಿ ಮತ್ತೊಂದು ಭಯ ಹಿಡಿಯಿತು.

ಕೊನೆಯ ವರ್ಷದವರು ಕೋರ್ಟಿಗೆ ಹೋಗಿ ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ಕುಳಿತು ನೋಡಿ, ಹಂತ ಹಂತವಾಗಿ ಡೈರಿಯಲ್ಲಿ ಬರೆದು ಒಪ್ಪಿಸಬೇಕು. ಡೈರಿ ಇಲ್ಲ ಅಂದರೆ ಪದವಿ ಇಲ್ಲ. ಶಹಾಪುರದ ಕೋರ್ಟಿನಲ್ಲಿ ಎರಡು ದಿನ ಕುಳಿತೆ. ಹತ್ತು ನಿಮಿಷಕ್ಕೊಬ್ಬರು ವಕೀಲರು ಬಂದು, "ಇಲ್ಲಿ ಖಾಲಿ ಯಾಕ ಕುಂತೀರಿ, ಒಂದು ಪುಟ ಹೊಡಕೊಡ್ರಿ" ಎಂದು ಎಬ್ಬಿಸಿಕೊಂಡು ಹೋದರು. ಹಾಗಾಗಿ ನನ್ನ ಗುರುತಿಲ್ಲದ ಸುರಪುರಕ್ಕೆ ಹೋದೆ.

ಕ್ರಿಮಿನಲ್ ಕೇಸು ಬೇಗ ಮುಗಿಯಿತು, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಸಿವಿಲ್ ಕೇಸಿಗೆ ಕೃಷ್ಣಾ ದಂಡೆಯ ಊರಿನ ಇಬ್ಬರು ಮೀನುಗಾರ ಅಣ್ಣತಮ್ಮಂದಿರ ತಕರಾರು ಆರಿಸಿಕೊಂಡೆ. ಅಣ್ಣನ ಅಂಗಳದ ಕಡೆ ತಮ್ಮ ಒಂದು ಕಿಟಕಿ ತೆಗೆಸಿದ್ದ. ಅದನ್ನು ಮುಚ್ಚಿಸಬೇಕೆಂದು ಏಳು ವರ್ಷದಿಂದ ನಡೆದ ಕೇಸು. ಅಣ್ಣನ ಕಡೆಯ ಮುಖ್ಯ ಸಾಕ್ಷಿಯ ಪಾಟೀ ಸವಾಲು ಮಾತ್ರ ಬಾಕಿ. ಅದೊಂದು ಆದರೆ ನನ್ನ ಡೈರಿ ಪೂರ್ತಿ.

ಮೊದಲ ಪೇಶಿಗೆ, ಅಂದರೆ ವಿಚಾರಣೆಯ ದಿನಕ್ಕೆ, ಸಾಕ್ಷಿ ಬರಲಿಲ್ಲ. ಎರಡನೆಯದಕ್ಕೆ ವಕೀಲರಿಗೆ ಜ್ವರ. ಮೂರನೆಯದಕ್ಕೆ ಜಡ್ಜ್ ಸಾಹೇಬರು ರಜೆ. ಡೈರಿ ಒಪ್ಪಿಸಲು ಎರಡು ತಿಂಗಳೂ ಉಳಿದಿರಲಿಲ್ಲ. ನಾನು ಪ್ರತಿ ಪೇಶಿಗೂ ಮೊದಲನೇ ಬೆಂಚಿನಲ್ಲಿ ಕುಳಿತು, ಅಣ್ಣತಮ್ಮ ಕೆಮ್ಮಿದರೂ ಡೈರಿಯಲ್ಲಿ ಬರೆಯುತ್ತಿದ್ದೆ.

ಅವರಿಬ್ಬರೂ ನನ್ನನ್ನೇ ನೋಡತೊಡಗಿದ್ದು ನನಗೆ ತಿಳಿಯಲಿಲ್ಲ. ಅಣ್ಣ, ನಾನು ತಮ್ಮನ ಕಡೆಯವಳು ಎಂದುಕೊಂಡಿದ್ದ. ತಮ್ಮ, ಅಣ್ಣನ ಕಡೆಯವಳು ಎಂದುಕೊಂಡಿದ್ದ. ನಾಲ್ಕನೆಯ ಪೇಶಿಯ ದಿನ ಇಬ್ಬರೂ ಚಹಾದಂಗಡಿಯಲ್ಲಿ ಎದುರುಬದುರಾಗಿ, "ಆ ಹೆಣ್ಮಗಳನ್ನ ಯಾಕ ತಂದಿ?" "ನೀ ಯಾಕ ತಂದಿ?" ಎಂದು ಜಗಳ ತೆಗೆದರಂತೆ. ಏಳು ವರ್ಷದ ನಂತರ ಅವರಿಬ್ಬರೂ ಆಡಿದ ಮೊದಲ ಮಾತು ಅದು. ಇಬ್ಬರೂ ತಂದಿಲ್ಲ ಎಂದಾದ ಮೇಲೆ ಹೆದರಿಕೆ ಹುಟ್ಟಿತು: ಹಾಗಾದರೆ ಸರಕಾರದವಳೇ ಇರಬೇಕು, ಮನೆ ಜಾಗಕ್ಕೇ ಏನೋ ಕುತ್ತು ಬರುತ್ತಿದೆ.

ಮಧ್ಯಾಹ್ನ ಇಬ್ಬರೂ ಪೇಢೆಯ ಡಬ್ಬಿ ಹಿಡಿದು ನನ್ನ ಹತ್ತಿರ ಬಂದರು. "ಅಕ್ಕಾರ, ಬರಿಯೋದು ಬಂದ್ ಮಾಡ್ರಿ. ನಾವು ರಾಜಿ ಆಗೀವಿ. ಕಿಟಕಿ ಇರ್ಲಿ, ತಮ್ಮ ಪರದೆ ಹಾಕ್ತಾನ."

ನನ್ನ ಕೈಯಿಂದ ಪೆನ್ನು ಬಿತ್ತು. "ಹಂಗನ್ನಬ್ಯಾಡ್ರಿ ಅಣ್ಣಾರ! ಇನ್ನ ಒಂದಽ ಒಂದು ಪೇಶಿ ಜಗಳಾಡ್ರಿ, ಆ ಸಾಕ್ಷಿದೊಂದು ಮುಗೀಲಿ" ಎಂದು ಕೈ ಮುಗಿದೆ. ಕೈ ಮುಗಿದವಳೇ ಗೊಳೋ ಎಂದು ಅತ್ತುಬಿಟ್ಟೆ. ಆಮೇಲೆ ನಾನು ಯಾರು, ಡೈರಿ ಯಾತಕ್ಕೆ, ಆರನೆಯ ವರ್ಷ ಅಂದರೆ ಏನು, ಎಲ್ಲ ಹೇಳಿದೆ.

ತಮ್ಮನ ಮುಖ ಚಿಕ್ಕದಾಯಿತು. ಅಣ್ಣ ಮಾತ್ರ ನನ್ನ ಕೈಗೆ ಪೇಢೆ ಇಟ್ಟು ಸಮಾಧಾನ ಹೇಳಿದ: "ಅಳಬ್ಯಾಡ್ರಿ ಅಕ್ಕಾರ. ನಮ್ಮ ಓಣ್ಯಾಗ ಇನ್ನೊಂದು ಕೇಸ್ ಅದ. ಮುಂದಿನ ವಾರನಽ ಸಾಕ್ಷಿ ಅದ. ನೀವು ಬೇಫಿಕರ್ ಬರಕೋರ್ರಿ, ಅವರು ಸತ್ತರೂ ರಾಜಿ ಆಗೂ ಮಂದಿ ಅಲ್ಲ."

೪. ನೀವು ಯಾರ ಕಡೆ?

ಆ ರಾಜಿಯಾಗದ ಒಳ್ಳೆಯ ಮಂದಿಯ ದಯೆಯಿಂದ ಡೈರಿ ಮುಗಿಯಿತು. ಉಳಿದದ್ದು ಮೂಟ್ ಕೋರ್ಟ್. ಕಾಲೇಜಿನ ಹಾಲ್‌ನಲ್ಲೇ ಕೋರ್ಟು ಕಟ್ಟಿ, ಕಾಗದದ ಮೇಲಿನ ಒಂದು ಕೇಸು ಕೊಟ್ಟು, ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಎದುರುಬದುರು ವಾದಕ್ಕೆ ನಿಲ್ಲಿಸುತ್ತಾರೆ. ಮೂರು ಸಲ ವಾದಿಸಬೇಕು. ಮೊದಲ ಎರಡರಲ್ಲಿ ನನ್ನ ನಾಲಿಗೆ ಒಣಗಿ, ಬಂದ ಅಂಕಗಳೂ ಒಣಗಿದ್ದವು. ಮೂರನೆಯದರಲ್ಲಿ ಬರದಿದ್ದರೆ ಮುಗಿಯಿತು.

ಕೇಸು ಇಷ್ಟು: ಕಲ್ಯಾಣ ಮಂಟಪದವನು ಒಂದೇ ಮುಹೂರ್ತಕ್ಕೆ ಎರಡು ಮದುವೆಗೆ ಮಂಟಪ ಕೊಟ್ಟಿದ್ದಾನೆ. ನಾನು ಹೆಣ್ಣಿನ ತಂದೆಯ ಪರ. ಮಂಟಪದವನ ಪರ ಗೋಗಿಯ ಹುಡುಗಿ. ಅವಳೂ ನಾನೂ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು, ನನ್ನ ಮಗಳ ವಯಸ್ಸು. ತರಗತಿಯ ಎಲ್ಲರ ವಾದಪತ್ರಗಳನ್ನೂ ಟೈಪ್ ಮಾಡಿಕೊಟ್ಟದ್ದು ನಾನೇ, ಅವಳದ್ದೂ ಸೇರಿ. ಇದರಲ್ಲಿ ತಪ್ಪು ಕಾಣಲಿಲ್ಲ. ಕೋರ್ಟಿನ ಮುಂದಿನ ಟೇಬಲ್ಲಿಗೆ ಬೆಳಿಗ್ಗೆ ವಾದಿ ಬರುತ್ತಾನೆ, ಸಂಜೆ ಅದೇ ಕೇಸಿನ ಪ್ರತಿವಾದಿ ಬರುತ್ತಾನೆ. ಇವನದ್ದು ಅವನಿಗೆ ಹೇಳಬಾರದು, ಅವನದ್ದು ಇವನಿಗೆ ಹೇಳಬಾರದು. ಇಷ್ಟು ವರ್ಷ ನಾನು ಆ ಧರ್ಮ ಬಿಟ್ಟವಳಲ್ಲ.

ಜಡ್ಜಾಗಿ ಕುಳಿತವರು ನಿವೃತ್ತ ನ್ಯಾಯಾಧೀಶರು. ನಾನು ಹೇಗೋ ನನ್ನ ವಾದ ಮುಗಿಸಿದೆ, ಪರವಾಗಿಲ್ಲ ಎನ್ನುವ ಹಾಗೆ. ಕಾಗದದ ಮೇಲಿಂದ ಕಣ್ಣು ಎತ್ತಲೇ ಇಲ್ಲ. ಆಮೇಲೆ ಹುಡುಗಿ ಎದ್ದು ನಿಂತಳು. ಎರಡು ನಿಮಿಷ ಚೆನ್ನಾಗಿ ಮಾತಾಡಿದಳು, ಆಮೇಲೆ ಗಕ್ಕನೆ ನಿಂತಳು. ಎಲ್ಲಿಗೆ ಬಂದಿದ್ದಳೋ, ಆ ಜಾಗ ಕಾಗದದಲ್ಲಿ ಸಿಗಲೊಲ್ಲದು.

ನನಗೆ ಸುಮ್ಮನೆ ಇರಲು ಆಗಲಿಲ್ಲ. "ಮೂರನೇ ಪುಟ ತಂಗಿ, ಎರಡನೇ ಪ್ಯಾರಾ" ಎಂದು ಪಿಸುಗುಟ್ಟಿದೆ. ಅವಳು ಪುಟ ತಿರುವಿದಳು, ಕಣ್ಣಲ್ಲಿ ನೀರು ತುಂಬಿ ಅಕ್ಷರ ಕಾಣಲಿಲ್ಲ. "ಮುಂಗಡ ರಶೀದಿಯಾಗ ಮುಹೂರ್ತದ ವ್ಯಾಳ್ಯಾ ಬರದಿಲ್ಲ ಅಂತ ಹೇಳು" ಅಂದೆ. ಅವಳು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ನಾನು ಟೈಪ್ ಮಾಡಿದ ಪುಟ ನನ್ನ ಕಣ್ಣ ಮುಂದೆ ನಿಂತಿತ್ತು. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ, ಮಂಟಪದವನ ವಾದವನ್ನು ಕೊನೆಯವರೆಗೆ, ಒಂದು ಅಲ್ಪವಿರಾಮವನ್ನೂ ಬಿಡದೆ, ಗಟ್ಟಿ ದನಿಯಲ್ಲಿ ಹೇಳಿ ಮುಗಿಸಿದೆ. ಈ ಸಲ ಕೈಯಲ್ಲಿ ಕಾಗದವೂ ಇರಲಿಲ್ಲ.

ಜಡ್ಜ್ ಸಾಹೇಬರು ಪೆನ್ನು ಕೆಳಗಿಟ್ಟರು. "ಅಮ್ಮಾ, ನೀವು ಯಾರ ಕಡೆ?"

"ಹೆಣ್ಣಿನ ತಂದಿ ಕಡೆರಿ ಸಾಹೇಬರ."

"ಮತ್ತ ಈಗ ಹೇಳಿದ್ದು?"

"ಅದು ಅವರದುರಿ. ಎರಡೂ ಕಡೀದು ನಾನಽ ಟೈಪ್ ಮಾಡೀನ್ರಿ."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ನಗದೆ ತೀರ್ಪು ಹೇಳಿದರು: ಮಂಟಪದವನ ಪರ ವಾದ ಗಟ್ಟಿಯಾಗಿದೆ, ಹೆಣ್ಣಿನ ತಂದೆಯ ದಾವೆ ವಜಾ. ನನ್ನ ಕಕ್ಷಿದಾರನನ್ನು ನಾನೇ ಸೋಲಿಸಿದ್ದೆ. ಅವನು ಕಾಗದದ ಮೇಲಿನವನು ಎಂಬುದೊಂದೇ ಸಮಾಧಾನ, ಖರೇ ಇದ್ದಿದ್ದರೆ ನನ್ನ ಟೇಬಲ್ಲು ಮುರಿದು ಬೇವಿನ ಮರಕ್ಕೆ ನೇತುಹಾಕುತ್ತಿದ್ದ.

೫. ಇನ್ನೊಂದು ಪ್ರಮಾಣ

ಫಲಿತಾಂಶದ ದಿನ ನಾನು ಟೇಬಲ್ಲಿನಲ್ಲೇ ಇದ್ದೆ. ನನ್ನ ಫೋನಿನಲ್ಲಿ ಪುಟ ತೆರೆಯಲಿಲ್ಲ. ಬಾಡಿಗೆ ಕರಾರೊಂದನ್ನು ಟೈಪ್ ಮಾಡುತ್ತ ಬಾಡಿಗೆದಾರನ ಹೆಸರಿನ ಜಾಗದಲ್ಲಿ ನನ್ನದೇ ಹೆಸರು ಹೊಡೆದಿದ್ದೆ. ಪಕ್ಕದಲ್ಲಿ ಆ ಕರಿ ಕೋಟಿನ ವಕೀಲ ನಿಂತಿದ್ದ, ಆರು ವರ್ಷದ ಹಿಂದೆ ಕಾಗದ ಒಗೆದವನೇ. "ನಂಬರ್ ಹೇಳ್ರಿ" ಎಂದು ತನ್ನ ಫೋನಿನಲ್ಲಿ ನೋಡಿದ. ಆ ಅರ್ಧ ನಿಮಿಷದಲ್ಲಿ ನಾನು ಏಳು ದೇವರಿಗೆ ಹರಕೆ ಹೊತ್ತೆ.

"ಪಾಸ್ ಆಗೀರಿ ಮೇಡಂ" ಅಂದ.

ಮೂಟ್ ಕೋರ್ಟಿನ ಅಂಕ ಓದಿಸಿದೆ, ಗೋಗಿಯ ಹುಡುಗಿಯದ್ದೂ ಸೇರಿ. ಎರಡೂ ಕಡೆ ವಾದಿಸಿದ್ದಕ್ಕೋ ಏನೋ, ಅವಳಿಗಿಂತ ನನಗೆ ಎರಡು ಹೆಚ್ಚೇ ಬಂದಿದ್ದವು. ಬೇವಿನ ಮರಕ್ಕೆ ಆತು ನಿಂತು ನಾಚಿಕೆ ಬಿಟ್ಟು ಅತ್ತುಬಿಟ್ಟೆ. ವಕೀಲ ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಚೀಲದಿಂದ ಒಂದು ಅರ್ಜಿ ತೆಗೆದು ಮೆಲ್ಲಗೆ ನನ್ನ ಮುಂದಿಟ್ಟ. "ಟೈಪ್ ಮಾಡೋಕಿಂತ ಮೊದಲ, ಕಲಂ ಸರಿ ಅದ ಏನು ಒಮ್ಮೆ ನೋಡ್ರಿ."

ಮುಗಿಯಿತು ಅಂದುಕೊಂಡೆ, ಇನ್ನೊಂದು ಕಾಗದ ಉಳಿದಿತ್ತು. ವಕೀಲೆಯಾಗಿ ಹೆಸರು ನೋಂದಾಯಿಸಲು ಮತ್ತೊಂದು ಅಫಿಡವಿಟ್: ನಾನು ಬೇರೆ ಯಾವ ಉದ್ಯೋಗವನ್ನಾಗಲಿ ವ್ಯಾಪಾರವನ್ನಾಗಲಿ ಮಾಡುತ್ತಿಲ್ಲ. ಟೈಪಿಂಗ್ ಬಿಡಬೇಕಾಗುತ್ತದೆ ಎಂದು ಹೇಗೂ ಗೊತ್ತೇ ಇತ್ತು. ಮನೆಯಲ್ಲಿ ಕರಡು ಬರೆದಿಟ್ಟೆ, ಮಗಳು ಎಂದಿನಂತೆ ಜೋರಾಗಿ ಓದಿದಳು.

ಅತ್ತೆ ಒಳಗಿನಿಂದ ಬಂದರು. "ಏನಂದಿ? ಮತ್ತ ಖಾಲಿ ಅಂತ ಬರದಾಳೇನು? ಓದೂಕಿಂತ ಮೊದಲೂ ಖಾಲಿ, ಓದಿದ ಮ್ಯಾಲೂ ಖಾಲಿ?"

"ಅತ್ತಿ, ಅದು ನಮೂನೆ ಹಂಗಽ ಇರ್ತದ" ಅಂದೆ.

"ಬೆಂಕಿ ಹಚ್ಚು ನಿನ್ನ ನಮೂನೆಕ್ಕ" ಎಂದು ಒಳಗೆ ಹೋದರು.

ಮರುದಿನ ಹನ್ನೊಂದು ಗಂಟೆಗೆ ನನ್ನ ಟೇಬಲ್ಲಿನ ಮುಂದೆ ಆಟೋ ನಿಂತಿತು. ಅತ್ತೆ ಇಳಿದರು. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಕಡೆ ಕಾಲಿಡದವರು. ಸೆರಗು ಸರಿಮಾಡಿಕೊಂಡು, ಪಕ್ಷಗಾರರು ಕೂಡುವ ಸ್ಟೂಲಿನ ಮೇಲೆ ಕುಳಿತರು. ವಕೀಲರು, ಜವಾನರು, ಚಹಾದವನು, ಎಲ್ಲರೂ ನೋಡುತ್ತಿದ್ದರು.

"ಕಾಗದ ಹಾಕು. ನಾ ಹೇಳ್ತೀನಿ, ನೀ ಬರಿ."

"ಏನು ಬರೀಲಿ ಅತ್ತಿ?"

"ಆ ಮೊದಲಿನ ಕಾಗದ ಸುಳ್ಳು ಅಂತ ಬರಿ. ನಮ್ಮ ಸೊಸಿ ಈ ಮನಿಗೆ ಬಂದಾಗಿಂದ ಒಂದ ದಿನಾನೂ ಖಾಲಿ ಕುಂತಿಲ್ಲ. ನಮ್ಮ ಮನಿಯವರು ಹಾಸಿಗಿ ಹಿಡದಾಗ ನಾಕು ವರ್ಷ ಎತ್ತಿ ಕೂಡಿಸ್ಯಾಳ. ರೊಟ್ಟಿ ಬುತ್ತಿ ಕಟ್ಕೊಂಡು ಆರು ವರ್ಷ ಯಾದಗಿರಿಗೆ ಅಡ್ಡಾಡ್ಯಾಳ. ಖಾಲಿ ಕುಂತಾಳ ಅಂತ ನಾನಽ ಮಂದಿ ಮುಂದ ಅಂದೀನಿ, ಅದೂ ಸುಳ್ಳು. ಬರದ್ಯಾ?"

ಬರೆದೆ. ಅಕ್ಷರ ಕಾಣುತ್ತಿರಲಿಲ್ಲ, ಬೆರಳಿಗೆ ದಾರಿ ಗೊತ್ತಿತ್ತು. ಈ ಕಾಗದವನ್ನು ಯಾವ ಕಚೇರಿಯೂ ಕೇಳಿರಲಿಲ್ಲ, ಯಾವ ಕಚೇರಿಯೂ ತೆಗೆದುಕೊಳ್ಳುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಪ್ರಿಂಟ್ ತೆಗೆದು ಇಂಕ್ ಪ್ಯಾಡ್ ಮುಂದಿಟ್ಟೆ. ಅವರು ಹೆಬ್ಬೆರಳು ಅದ್ದಿದರು, ಒತ್ತಲಿಲ್ಲ. ಬೆರಳನ್ನು ಗಾಳಿಯಲ್ಲೇ ಹಿಡಿದು ಏನೋ ಯೋಚಿಸಿದರು.

"ತಡಿ, ಕೊನಿಗೆ ಇನ್ನೊಂದು ಸಾಲು ಸೇರಿಸು. ಪಲ್ಯಕ್ಕ ಉಪ್ಪು ಹಾಕೋದು ಮಾತ್ರ ಇನ್ನೂ ಕಲ್ತಿಲ್ಲ."

"ಅತ್ತಿ! ಅದು ಯಾಕ ಈಗ?"

"ಪ್ರಮಾಣ ಮಾಡಿ ಹೇಳೋದು ಯವ್ವಾ. ಬರೇ ಚಲೋದಽ ಬರದ್ರ ಯಾವ ಜಡ್ಜ್ ನಂಬ್ತಾನ?"